ಬಂಡೆಯಾದ ಗುಂಡವ್ವ

ಒಂದು ಬಂಡೆಗುಡ್ಡದ ರಾಜ್ಯದಲ್ಲಿ ಒಂದು ಕರಡಿ ಇತ್ತು ಮಕ್ಕಳೇ. ದೊಡ್ಡ ಹೊಟ್ಟೆ, ಸಣ್ಣ ಬುದ್ಧಿ. ಯಾವ ಕರಡಿ ಅಂತ ಹುಡುಕಬೇಡಿ, ಅದು ನಾನೇ.

ನನಗೊಬ್ಬಳು ಮಗಳು, ಗುಂಡವ್ವ. ಹಣ್ಣು ಕಂಡರೆ ಹಾರುತ್ತಿದ್ದಳು. ಬೇಡ ಅಂದರೆ ನೆಲಕ್ಕೆ ಬಿದ್ದು ಹೊರಳುತ್ತಿದ್ದಳು. ಒಂದು ದಿನ ನನ್ನ ಹೆಂಡತಿ ಹೇಳಿದಳು, "ರೀ, ನಾನು ಗೆಡ್ಡೆ ತರೋಕೆ ಹೋಗ್ತೀನಿ. ಮಗೂಗೆ ಸ್ವಲ್ಪ ತಾಳ್ಮೆ ಕಲಿಸಿ. ಹುಲಿ ಬಂದಾಗ ಹೀಗೆ ಕುಣಿದ್ರೆ ಉಳೀತಾಳಾ?"

ತಾಳ್ಮೆ ಕಲಿಸೋಕೆ ನಾನು! ಸೀತಾಫಲ ಹಣ್ಣಾಗುವ ತನಕ ತಡೆಯದೆ ಎಳೆಗಾಯಿ ತಿಂದು ಹೊಟ್ಟೆನೋವು ತಂದುಕೊಳ್ಳುವವನು ನಾನು. ಆದರೂ ಅಪ್ಪ ಅಲ್ಲವೇ, ಗತ್ತಿನಿಂದ ಒಂದು ಆಟ ಕಟ್ಟಿದೆ. "ಬಂಡೆ" ಅಂದರೆ ಮುದುರಿ ಕೂತು ಬಂಡೆಯಾಗಬೇಕು. "ಕರಡಿ" ಅನ್ನುವ ತನಕ ಅಲ್ಲಾಡಬಾರದು.

ಮೊದಲು ಮೂಗಿಗೆ ಹುಲ್ಲುಕಡ್ಡಿ ಆಡಿಸಿಕೊಂಡೆವು. ಅವಳು ಸೀನಿದಳು, ನಾನೂ ಸೀನಿದೆ. ಆಮೇಲೆ ಒಬ್ಬರನ್ನೊಬ್ಬರು ಅಣಕಿಸಿದೆವು. ಅವಳು ಕಿಸಕ್ಕನೆ ನಕ್ಕಳು, ನಾನು ಸಿಟ್ಟಾಗಿ ಎದ್ದೆ. ಆಮೇಲೆ ಜೇನುತಟ್ಟಿ ಮುಂದಿಟ್ಟುಕೊಂಡೆವು. ಅವಳು ನೆಕ್ಕಿದಳು, ನಾನು ನುಂಗಿಯೇಬಿಟ್ಟೆ. ಮತ್ತೆ ಆಡಿದೆವು, ಮತ್ತೆ ಮತ್ತೆ ಆಡಿದೆವು. ಸಂಜೆ ಹೊತ್ತಿಗೆ ಗುಂಡವ್ವ ಪಕ್ಕಾ ಬಂಡೆ. ನಾನು ಮಾತ್ರ ಸೋಲುತ್ತಲೇ ಇದ್ದೆ.

ಆಗ ಬಂತು ನರಿ, ಅದರ ಹಿಂದೆ ಹುಲಿ. "ಒಡೆಯಾ, ಇಲ್ಲೊಂದು ಕೊಬ್ಬಿದ ಕರಡಿಮರಿ ಇದೆ. ನೀವು ತಿಂದು ಮಿಕ್ಕಿದ್ದು ನನಗೆ."

ನಾನು "ಬಂಡೆ" ಎಂದು ಪಿಸುಗುಟ್ಟಿದೆ. ಇಬ್ಬರೂ ಕಲ್ಲುಗಳ ನಡುವೆ ಮುದುರಿ ಕೂತೆವು.

ನರಿ ಕೂಗಿತು, "ಗುಂಡವ್ವಾ, ಜೇನು ತಂದಿದ್ದೀನಿ ಬಾರೇ!" ಮಗಳು ಅಲ್ಲಾಡಲಿಲ್ಲ. ನನ್ನ ಬಾಯಲ್ಲಿ ನೀರೂರಿತು.

ನರಿ ಮತ್ತೆ ಕೂಗಿತು, "ನಿಮ್ಮಪ್ಪ ಹೊಟ್ಟೆಬಾಕ! ದಡ್ಡ ಶಿಖಾಮಣಿ!" ಮಗಳು ಅಲ್ಲಾಡಲಿಲ್ಲ. ನನಗೆ ಮೈಯೆಲ್ಲ ಉರಿಯಿತು. ಹೇಳಿದ್ದು ನಿಜ, ಅದಕ್ಕೇ ಜಾಸ್ತಿ ಉರಿಯಿತು.

ಕೊನೆಗೆ ನರಿ ಸುತ್ತ ನೋಡೋಣವೆಂದು ಒಂದು ಬಂಡೆ ಹತ್ತಿತು. ಅಯ್ಯೋ, ಆ ಬಂಡೆಯೇ ಗುಂಡವ್ವ! ನರಿಯ ಬಾಲ ಅವಳ ಮೂಗಿನ ಮೇಲೆ ಆಡತೊಡಗಿತು. ಇನ್ನೇನು ಎದ್ದು ನರಿಯ ಕುತ್ತಿಗೆ ಹಿಡಿಯುವವನಿದ್ದೆ. ಎದ್ದಿದ್ದರೆ ಹುಲಿ ನನ್ನ ಮಗಳನ್ನು ಬಿಡುತ್ತಿರಲಿಲ್ಲ. ಅಷ್ಟರಲ್ಲಿ ಅವಳ ಮುಖ ಕಂಡಿತು. ಕಣ್ಣು ಬಿಗಿಯಾಗಿ ಮುಚ್ಚಿ, ಉಸಿರು ಹಿಡಿದು ಕೂತಿದ್ದಳು. ನನಗೆ ನಾಚಿಕೆಯಾಯಿತು. ಹುಟ್ಟಿದ ಮೇಲೆ ಮೊದಲ ಸಲ ನಾನೂ ತೆಪ್ಪಗೆ ಕೂತೆ.

ಹುಲಿಗೆ ರೇಗಿತು. "ಎಲ್ಲೋ ಮರಿ? ಕಲ್ಲು ತೋರಿಸೋಕೆ ನನ್ನನ್ನ ಗುಡ್ಡ ಹತ್ತಿಸಿದೆಯಾ? ಇಲ್ಲಿ ತಿನ್ನೋಕೆ ಇರೋದು ನೀನೊಬ್ಬನೇ!" ನರಿ ಬಿದ್ದೆನೋ ಕೆಟ್ಟೆನೋ ಎಂದು ಓಡಿತು. ಹುಲಿ ಅಟ್ಟಿಸಿಕೊಂಡು ಹೋಯಿತು. ಆ ನರಿ ಮತ್ತೆ ಗುಡ್ಡದ ಕಡೆ ತಲೆ ಹಾಕಲಿಲ್ಲ.

"ಕರಡಿ" ಅಂದೆ. ಗುಂಡವ್ವ ಗುಡ್ಡ ಅದುರುವಂತೆ ಸೀನಿದಳು. ಅವಳನ್ನು ಅಪ್ಪಿಕೊಂಡು ಅತ್ತುಬಿಟ್ಟೆ.

ಗೆಡ್ಡೆ ಹೊತ್ತು ಬಂದ ಹೆಂಡತಿ ಕೇಳಿದಳು, "ತಾಳ್ಮೆ ಕಲಿಸಿದ್ರಾ?"

"ನಾನು ಕಲಿತೆ ಅವ್ವಾ," ಅಂದಳು ಗುಂಡವ್ವ. "ಅಪ್ಪ ಇನ್ನೂ ಕಲೀತಾ ಇದ್ದಾನೆ."

ನಾನಾಗಲೇ ಮಣ್ಣು ಕೂಡ ಒರೆಸದೆ ಗೆಡ್ಡೆಯನ್ನು ಬಾಯಿಗೆ ತುಂಬಿಕೊಂಡಿದ್ದೆ.

ಅದಕ್ಕೇ ಮಕ್ಕಳೇ, ಮನಸ್ಸನ್ನು ತಡೆದು ಹಿಡಿಯಲು ಕಲಿತವರು ಆಪತ್ತಿನಲ್ಲೂ ಉಳಿಯುತ್ತಾರೆ. ಅಪ್ಪ ಅಮ್ಮಂದಿರೇ, ಅದನ್ನು ಕಲಿಸಬೇಕಾದರೆ ಬೈಯಬೇಡಿ, ಜೊತೆಗೆ ಕೂತು ಆಡಿ. ನಿಮಗೂ ಒಂದಿಷ್ಟು ಬಂದೀತು.