ಬೀಗರಿಗೆ ಕೊನೆಯ ಉಪಚಾರ

ತುಮಕೂರಿನ ಕೋರ್ಟಿನಲ್ಲಿ ರಾಜಿ ಮಾತುಕತೆ ಮುಗಿದಿತ್ತು. ಗಂಡ ಹೆಂಡತಿ ಇಬ್ಬರೂ ಬೇರೆಯಾಗಲು ಒಪ್ಪಿದ್ದರು. ಮೇದಿನಿ ವಿಚ್ಛೇದನದ ಅರ್ಜಿಗೆ ಸಹಿ ಹಾಕಿದಳು. ಗಂಡ ಪ್ರಣವನ ಕೈಯಲ್ಲಿ ಪೆನ್ನಿತ್ತು, ಕಣ್ಣು ಮಾತ್ರ ಅಪ್ಪನ ಮೇಲಿತ್ತು.

ಅಪ್ಪ ಶ್ರೀಕಂಠಯ್ಯನವರು ಕೆಮ್ಮಿದರು. "ನಾವು ಗಂಡಿನ ಕಡೆಯವರು. ಬಂದು ಇಷ್ಟು ಹೊತ್ತಾಯ್ತು, ಒಂದು ಕುರ್ಚಿಯಿಲ್ಲ, ಕಾಫಿಯಿಲ್ಲ. ಮರ್ಯಾದೆ ಸಿಗೋವರೆಗೂ ನನ್ನ ಮಗ ಸಹಿ ಹಾಕಲ್ಲ."

ಬಿಡಿಸಿಕೊಳ್ಳಲು ಬಂದ ಕಡೆಯಲ್ಲೂ ಬೀಗತನ! ವಕೀಲರು ಗಡಿಯಾರ ನೋಡಿದರು. ಇವತ್ತು ತಪ್ಪಿದರೆ ಮತ್ತೆ ಯಾವ ತಾರೀಖೋ. ಮೇದಿನಿಯ ಮುಖ ಬಾಡಿತು.

ಅವಳ ಅಪ್ಪ ಹಿಟ್ಟಿನ ಗಿರಣಿಯವನು. ಎದ್ದು ಕೈಮುಗಿದ. "ಬೀಗರು ಹೇಳಿದ್ದು ಸರಿ. ಶಾಸ್ತ್ರ ಬಿಡಬಾರದು."

ಶ್ರೀಕಂಠಯ್ಯನವರ ಎದೆ ಉಬ್ಬಿತು.

ಗಿರಣಿಯವನು ನೀರಿನ ಬಾಟಲಿಯನ್ನು ಅವರ ಕೈಗಿಟ್ಟ. ಆಮೇಲೆ ಚಪ್ಪಲಿ ಬಿಟ್ಟು, ಬೆಂಚಿನ ಮೇಲೆ ಕೂತು, ಪಂಚೆ ಮೇಲೆತ್ತಿ ಎರಡೂ ಕಾಲು ಮುಂದೆ ಚಾಚಿದ.

"ಇದೇನ್ರೀ ಇದು?"

"ಗಂಟು ಹಾಕುವಾಗ ನಾನು ನಿಮ್ಮ ಮಗನ ಕಾಲು ತೊಳೆದೆ. ಇವತ್ತು ಗಂಟು ಬಿಚ್ಚುತ್ತಿದ್ದೀವಲ್ಲ, ಎಲ್ಲ ಉಲ್ಟಾ. ತೊಳೀರಿ. ನೀರು ತಣ್ಣಗಿದೆ, ಪರವಾಗಿಲ್ಲ. ಅವತ್ತು ನೀವು ಬಿಸಿನೀರೇ ಬೇಕು ಅಂತ ಮುಹೂರ್ತ ನಿಲ್ಲಿಸಿದ್ರಿ. ನಾನು ಅಷ್ಟು ದೊಡ್ಡವನಲ್ಲ."

ಕಾರಿಡಾರಿನಲ್ಲಿದ್ದವರೆಲ್ಲ ಬಂದು ಮುತ್ತಿಕೊಂಡರು. ಯಾರೋ ಮೊಬೈಲ್ ತೆಗೆದರು.

"ನೋಡ್ತಾ ನಿಂತಿದ್ದೀಯಲ್ಲೋ, ಹಾಕೋ ಸಹೀನ!" ಎಂದು ಶ್ರೀಕಂಠಯ್ಯನವರು ಮಗನ ಮೇಲೆ ರೇಗಿದರು. ಪ್ರಣವ ಗೀಚಿದ. ಅಪ್ಪ ಮಗ ಇಬ್ಬರೂ ದಡದಡ ಮೆಟ್ಟಿಲಿಳಿದರು.

ಹಿಂದಿನಿಂದ ಗಿರಣಿಯವನ ಕೂಗು ಕೇಳಿಸಿತು.

"ಬೀಗರೇ, ಕಾಲು ಹೋಗಲಿ ಬಿಡಿ. ಊಟಕ್ಕೆ ಎಲ್ಲಿಗೆ ಬರೋಣ?"