ಮುಗಿದ ಕೈ ಬಿಡಿಸಲಾಗದ ಕಾವಲುಗಾರ

ಫ್ರೀಜರಿನ ಬಾಗಿಲಿಗೆ ಕಿವಿಯಿಟ್ಟು ಈ ಸಂಗತಿಯನ್ನು ಕೇಳಿದವನು ಭೂಮಿಯ ಮೇಲೆ ನಾನೊಬ್ಬನೇ. ಬೇಕಾದರೆ ಮುಟ್ಟಿ ನೋಡಿ, ಕಿವಿಯ ಮಂಜು ಇನ್ನೂ ಕರಗಿಲ್ಲ.

ಮೂಗಿನ ಒಳಪೊರೆಯಲ್ಲಿ ಕಾವಲು ನಿಂತು ವೈರಾಣುವನ್ನು ಹಿಡಿಯಲೆಂದು ಪ್ರಯೋಗಾಲಯದವರು ನಾಲ್ಕು ಕೈಗಳ ಪ್ರತಿಕಾಯವೊಂದನ್ನು ತಯಾರಿಸಿ, ಅಷ್ಟನ್ನೂ ಒಂದೇ ಸೀಸೆಗೆ ತುಂಬಿ ಹೆಪ್ಪುಗಟ್ಟಿಸಿದ್ದರು. ಯಾರೇ ದೊಡ್ಡವರು ಬರಲಿ, ಸೀಸೆಯನ್ನು ಹೊರತೆಗೆದು, ಕರಗಿಸಿ, ಬೆಳಕಿಗೆ ಹಿಡಿದು ತೋರಿಸುವರು. ಅವರು ಹೋದಮೇಲೆ ಮತ್ತೆ ಹೆಪ್ಪುಗಟ್ಟಿಸುವರು.

ಪಕ್ಕದ ಗೂಡಿನ ವೈರಾಣು ಹೇಳಿತು: “ಅಣ್ಣಾ, ನನ್ನನ್ನು ಪುಟ್ಟ ಪುಟ್ಟ ಸೀಸೆಗಳಲ್ಲಿ ಹಂಚಿಟ್ಟಿದ್ದಾರೆ. ಬೇಕಾದಷ್ಟನ್ನೇ ತೆಗೆದು ಒಂದೇ ಸಲ ಕರಗಿಸುತ್ತಾರೆ. ಹೀಗೆ ಪದೇ ಪದೇ ಕರಗಿ ಗಟ್ಟಿಯಾಗುತ್ತಿದ್ದರೆ ನಿನ್ನ ಕೈಗಳ ಗತಿ ಏನು?”

“ನಿನ್ನನ್ನು ನೋಡಲು ಯಾರು ಬರುತ್ತಾರೆ, ತಮ್ಮಾ? ಹೊಟ್ಟೆಕಿಚ್ಚು ಬೇಡ. ಮೊನ್ನೆ ಮಂತ್ರಿಗಳೇ ಬಂದಿದ್ದರು. ನಾಲ್ಕೂ ಕೈ ಮುಗಿದು ನಿಂತಿದ್ದೆ.”

ಕಡೆಗೂ ಪರೀಕ್ಷೆಯ ದಿನ ಬಂತು. ತಟ್ಟೆಯಲ್ಲಿ ಬೆಳೆಸಿದ್ದ ಮೂಗಿನ ಜೀವಕೋಶಗಳ ಮೇಲೆ ಪ್ರತಿಕಾಯವನ್ನು ಸುರಿದು, ಹಿಂದೆಯೇ ವೈರಾಣುವನ್ನು ಬಿಟ್ಟರು. ನಾನು ಕಿವಿಯನ್ನು ತಟ್ಟೆಯ ಅಂಚಿಗೆ ತಂದೆ.

“ಬಂದಿದ್ದೇನೆ ಅಣ್ಣಾ, ಹಿಡಿ,” ಎಂದಿತು ವೈರಾಣು.

“ಕೈ ಬಿಡಿಸಲಾಗುತ್ತಿಲ್ಲ.”

“ಯಾರು ಹಿಡಿದುಕೊಂಡಿದ್ದಾರೆ?”

“ಯಾರೂ ಇಲ್ಲ. ಬಂದವರಿಗೆಲ್ಲ ಮುಗಿದು ಮುಗಿದು ಒಂದಕ್ಕೊಂದು ಅಂಟಿಕೊಂಡಿವೆ.”

ವೈರಾಣು ಒಂದು ಗಳಿಗೆ ಕಾದು ನೋಡಿ, ಅಣ್ಣನನ್ನು ದಾಟಿ ಮುಂದೆ ಹೋಯಿತು. ಅಲ್ಲಿ ಜೀವಕೋಶಗಳು, ಕಾವಲುಗಾರ ಬಂದಾಯಿತಲ್ಲ ಎಂದು, ಬಾಗಿಲು ತೆರೆದಿಟ್ಟೇ ಮಲಗಿದ್ದವು.