ಬೆಳಗಿನ ಜೋಡಿ

ಕುಸ್ತಿಯ ದಿನ ಯಾರಿಗೆ ಯಾರು ಎದುರಾಳಿ ಎಂದು ಗೊತ್ತುಮಾಡುವ ಹಿರಿಯನಿಗೆ ನಮ್ಮ ಕಡೆ ಒಂದು ಹೆಸರಿತ್ತು. ಜೋಡಿಗಾರನೋ, ಜೋಡಿದಾರನೋ, ಸರಿಯಾಗಿ ನೆನಪಾಗುತ್ತಿಲ್ಲ. ಕೇಳಿ ತಿಳಿಯೋಣವೆಂದರೆ ಇಲ್ಲಿ ಆ ಮಾತು ಬಲ್ಲವರು ಯಾರೂ ಇಲ್ಲ. ಜೋಡಿ ಕಟ್ಟುವವನು ಎಂದೇ ಬರೆಯುತ್ತೇನೆ. ಕತೆಗೆ ಅಷ್ಟು ಸಾಕು.

ಶಿಷ್ಯನೊಬ್ಬ ಗುರುವನ್ನು ಒಂದು ಪ್ರಶ್ನೆ ಕೇಳಿದ. ಅವನು ಮಠಕ್ಕೆ ಬರುವ ಮೊದಲು ಸಂಬಳಕ್ಕೆ ಕಬಡ್ಡಿ ಆಡುತ್ತಿದ್ದವನು.

"ಗುರುಗಳೇ, ನಮ್ಮ ಪಂದ್ಯಗಳಲ್ಲಿ ತೀರ್ಪುಗಾರರು ಲಂಚ ತಿನ್ನಲಿಲ್ಲ. ಆಟಗಾರರು ಬೇಕೆಂದು ಸೋಲಲಿಲ್ಲ. ಒಂದು ನಿಯಮವನ್ನೂ ಯಾರೂ ಮುರಿಯಲಿಲ್ಲ. ಆದರೂ ಹೆಚ್ಚು ಹಣ ಹಾಕಿದವರ ತಂಡವೇ ಗೆಲ್ಲುತ್ತಿತ್ತು. ಅನ್ಯಾಯ ಎಲ್ಲಿದೆ ಎಂದು ಹುಡುಕಿದೆ, ಸಿಗಲಿಲ್ಲ. ಹಾಗಾದರೆ ಆಟ ನ್ಯಾಯವಾಗಿಯೇ ಇತ್ತೇ?"

ಗುರು ಹೇಳಿದ:

ಒಂದು ಪೇಟೆಯಲ್ಲಿ ವರ್ಷಕ್ಕೊಮ್ಮೆ ಕುಸ್ತಿ ನಡೆಯುತ್ತಿತ್ತು. ಗೆದ್ದವನಿಗೆ ಒಂದು ಪೇಟ, ಒಂದು ತೆಂಗಿನಕಾಯಿ. ಬೆಳಗ್ಗೆ ಮಲ್ಲರೆಲ್ಲ ಅಂಗಿ ಕಳಚಿ ಸಾಲಾಗಿ ನಿಲ್ಲುತ್ತಿದ್ದರು. ಜೋಡಿ ಕಟ್ಟುವವನು ಒಬ್ಬೊಬ್ಬರ ಕತ್ತು ಒತ್ತಿ, ಭುಜ ಮುಟ್ಟಿ, ಮುಂಗೈ ಹಿಡಿದು ನೋಡುತ್ತಿದ್ದ. ಸರಿಸಮ ಎನಿಸಿದ ಇಬ್ಬರ ಕೈಗಳನ್ನು ಒಂದರೊಳಗೊಂದು ಇಡುತ್ತಿದ್ದ. ಗೆದ್ದು ಉಳಿದವರಿಗೆ ಮಧ್ಯಾಹ್ನ ಮತ್ತೆ ಜೋಡಿ. ಸಂಜೆಗೆ ಉಳಿದ ಇಬ್ಬರದು ಕೊನೆಯ ಕುಸ್ತಿ. ಜೋಡಿ ಕಟ್ಟುವವನು ಆ ದಿನ ಯಾರ ಕೈಯಿಂದಲೂ ಏನನ್ನೂ ತೆಗೆದುಕೊಳ್ಳಬಾರದು, ಎಲೆ ಅಡಿಕೆಯನ್ನು ಕೂಡ. ಅದು ಆ ಊರಿನ ಕಟ್ಟಳೆ.

ಊರಿಗೆ ಒಬ್ಬ ಸಾಹುಕಾರ ಬಂದ. ಅವನಿಗೆ ಕುಸ್ತಿಯೆಂದರೆ ಪ್ರೀತಿ. ಗೆದ್ದವನು ಒಂದು ವರ್ಷ ಕೂತು ಉಣ್ಣುವಷ್ಟು ಬಹುಮಾನ ಇಟ್ಟ. ನೋಡುವವರಿಗೆ ಅಟ್ಟಣೆ ಕಟ್ಟಿಸಿ ಟಿಕೆಟ್ ಮಾಡಿದ. ಮಲ್ಲರು ಬೇರೆ ಕೆಲಸ ಬಿಟ್ಟು ಕುಸ್ತಿಯನ್ನೇ ಕಸುಬು ಮಾಡಿಕೊಂಡರು. ಕುಂಬಾರನೊಬ್ಬ ತಿಗರಿ ಬಿಟ್ಟು ಬಂದ. ಸಾಹುಕಾರನೂ ಒಬ್ಬ ಮಲ್ಲನನ್ನು ಸಾಕಿದ. ಅವನಿಗೆ ಹಾಲು, ಬಾದಾಮಿ, ಮೈ ತಿಕ್ಕಲು ಇಬ್ಬರು ಆಳು.

ಸಾಹುಕಾರ ಜೋಡಿ ಕಟ್ಟುವವನಿಗೆ ಏನನ್ನೂ ಕೊಡಲಿಲ್ಲ. ಒಂದು ಮಾತು ಮಾತ್ರ ಹೇಳಿದ.

"ಯಜಮಾನರೇ, ಜನ ದೂರದಿಂದ ನನ್ನ ಮಲ್ಲನನ್ನು ನೋಡಲು ಬರುತ್ತಾರೆ. ಅವನು ಬೆಳಗ್ಗೆಯೇ ಬಿದ್ದರೆ ಮಧ್ಯಾಹ್ನಕ್ಕೆ ಅಟ್ಟಣೆ ಖಾಲಿ. ಮುಂದಿನ ವರ್ಷ ಬಹುಮಾನ ಎಲ್ಲಿಂದ ತರಲಿ?"

ಮಾತು ನ್ಯಾಯವಾಗಿಯೇ ಕಂಡಿತು. ಜೋಡಿ ಕಟ್ಟುವವನು ಸಾಹುಕಾರನ ಮಲ್ಲನಿಗೆ ಬೆಳಗ್ಗೆ ಒಂದು ತೂಕ ಕಡಿಮೆಯವನನ್ನು ಕಟ್ಟಿದ. ಮಧ್ಯಾಹ್ನ ಆಗಲೇ ದಣಿದವನನ್ನು ಕಟ್ಟಿದ. ಎರಡು ಹೊತ್ತೂ ಗಟ್ಟಿ ಮಲ್ಲರೇ ಕುಂಬಾರನ ಪಾಲಿಗೆ ಬಂದರು. ಕುಂಬಾರ ಆ ಇಬ್ಬರನ್ನೂ ಗೆದ್ದು ಸಂಜೆಗೆ ಬಂದು ನಿಂತ. ಸಾಹುಕಾರನ ಮಲ್ಲ ಅವನನ್ನು ಚಿತ್ ಮಾಡಿದ. ಎರಡು ಭುಜವೂ ಮಣ್ಣಿಗೆ ಮುಟ್ಟಿದ್ದನ್ನು ಊರೆಲ್ಲ ಕಂಡಿತು. ತಕರಾರಿಗೆ ಜಾಗವಿರಲಿಲ್ಲ.

ಮೂರು ವರ್ಷ ಹೀಗೆಯೇ ನಡೆಯಿತು. ಮೂರನೆಯ ವರ್ಷ ಕುಂಬಾರ ಮಣ್ಣು ಕೊಡವಿಕೊಳ್ಳುತ್ತ ಗೆದ್ದವನಿಗೆ ಹೇಳಿದ: "ಬೆಳಗ್ಗೆ ಒಂದು ಗುಡ್ಡ ಹೊತ್ತೆ, ಮಧ್ಯಾಹ್ನ ಇನ್ನೊಂದು ಗುಡ್ಡ ಹೊತ್ತೆ. ಸಂಜೆ ನಿಮ್ಮ ಸಾಹುಕಾರರ ಬಾದಾಮಿ ಹೊರಲು ಬೆನ್ನೇ ಉಳಿದಿರಲಿಲ್ಲ, ಅಣ್ಣಾ."

ಸುತ್ತ ನಿಂತವರು ನಕ್ಕರು. ಸಾಹುಕಾರನ ಮಲ್ಲನೂ ನಕ್ಕ. ಆದರೆ ಆ ವರ್ಷವಿಡೀ ಬಾದಾಮಿ ತಿನ್ನುವಾಗಲೆಲ್ಲ ಅವನಿಗೆ ಆ ಮಾತು ಅಡ್ಡ ಬರುತ್ತಿತ್ತು.

ನಾಲ್ಕನೆಯ ವರ್ಷ ಕುಸ್ತಿಯ ದಿನ, ಸಾಲು ನಿಲ್ಲುವ ಮೊದಲು, ಅವನು ಜೋಡಿ ಕಟ್ಟುವವನ ಬಳಿಗೆ ಬಂದ.

"ಯಜಮಾನರೇ, ಈ ಸಲ ಬೆಳಗ್ಗೆಯೇ ನನ್ನನ್ನು ಕುಂಬಾರನಿಗೆ ಕಟ್ಟಿ."

"ಸೋತರೆ ನಿನಗೆ ಹಾಲಿಲ್ಲ, ಬಾದಾಮಿಯಿಲ್ಲ, ಗೊತ್ತೇನಪ್ಪಾ? ಗೆದ್ದರೂ ಸಾಹುಕಾರರಿಗೆ ಸಿಟ್ಟು. ಸಂಜೆಗೆ ತೋರಿಸಲು ಏನೂ ಉಳಿಯುವುದಿಲ್ಲ. ಇದರಿಂದ ನಿನಗೆ ಸಿಗುವುದೇನು?"

"ಮೂರು ಸಲ ಅವನನ್ನು ಚಿತ್ ಮಾಡಿದ್ದೇನೆ. ಅವನಿಗಿಂತ ನಾನು ಗಟ್ಟಿಯೋ ಅಲ್ಲವೋ, ಇನ್ನೂ ಗೊತ್ತಿಲ್ಲ."

ಮಲ್ಲರು ಸಾಲಾಗಿ ನಿಂತರು. ಜೋಡಿ ಕಟ್ಟುವವನು ಸಾಲಿನ ಮುಂದೆ ಹೋಗಿ, ಕತ್ತು ಒತ್ತಿದ, ಭುಜ ಮುಟ್ಟಿದ, ಮುಂಗೈ ಹಿಡಿದು ನೋಡಿದ. ಮೂರು ವರ್ಷ ಅವನು ಹಾಗೆ ನೋಡಿದಂತೆ ನಟಿಸುತ್ತಿದ್ದ, ನಿಜಕ್ಕೂ ನೋಡುತ್ತಿರಲಿಲ್ಲ. ಕುಂಬಾರನ ಕೈಯನ್ನು ಸಾಹುಕಾರನ ಮಲ್ಲನ ಕೈಯಲ್ಲಿಟ್ಟ.

ಇಬ್ಬರ ಮೈಯೂ ದಣಿದಿರಲಿಲ್ಲ. ಬೆಳಗ್ಗೆ ಹಿಡಿದ ಪಟ್ಟು ಬಿಸಿಲೇರಿದರೂ ಸಡಿಲಲಿಲ್ಲ. ಕೊನೆಗೆ ಒಬ್ಬ ಬಿದ್ದ. ಬಿದ್ದವನೇ ಎದ್ದು ಗೆದ್ದವನ ಕೈಯನ್ನು ಮೇಲೆತ್ತಿ ಹಿಡಿದ. ಸಂಜೆ ಬಂದ ಸಾಹುಕಾರ ವಿಷಯ ತಿಳಿದು, ಅಂದಿನಿಂದಲೇ ತನ್ನ ಮಲ್ಲನ ಹಾಲು ನಿಲ್ಲಿಸಿದ.

ಗುರು ಇಷ್ಟು ಹೇಳಿ ನಿಲ್ಲಿಸಿದ. ಶಿಷ್ಯ ಕೇಳಿದ:

"ಗೆದ್ದವರು ಯಾರು, ಗುರುಗಳೇ?"

"ನೀನು ಈಗ ಕೇಳಿದೆಯಲ್ಲ, ಅದನ್ನು ಮೂರು ವರ್ಷ ಆ ಊರಿನಲ್ಲಿ ಯಾರೂ ಕೇಳಬೇಕಾಗಿ ಬಂದಿರಲಿಲ್ಲ. ಬೆಳಗಿನ ಜೋಡಿಯಲ್ಲೇ ಉತ್ತರವಿತ್ತು."